ಹಳೆಯ ಗೇಮ್: ಪಿಸಿ ಪೋರ್ಟೋ, ಎಮ್ಯುಲೇಟರೋ?

ಮೊದಲು ಪೋರ್ಟ್, ಅಂದರೆ ಕನ್ಸೋಲ್ ಗೇಮಿನ ಪಿಸಿ ಆವೃತ್ತಿ, ಹೇಗಿದೆ ನೋಡಿ. ರೆಸಿಡೆಂಟ್ ಈವಿಲ್ 4ರ 2007ರ ಪಿಸಿ ಆವೃತ್ತಿಯಲ್ಲಿ ಮೌಸ್‌ನಿಂದ ಗುರಿಯಿಡಲೂ ಆಗುತ್ತಿರಲಿಲ್ಲ. 2014ರ ಎಚ್‌ಡಿ ಆವೃತ್ತಿ ಇರುವಾಗ ಎಮ್ಯುಲೇಟರ್ (ಪಿಸಿಯಲ್ಲಿ ಕನ್ಸೋಲನ್ನು ಅನುಕರಿಸುವ ಸಾಫ್ಟ್‌ವೇರ್) ತಂಟೆಯೇ ಬೇಡ.

ಒಳ್ಳೆಯ ಪೋರ್ಟ್ ಇಲ್ಲದ ಪಿಎಸ್2 (ಪ್ಲೇಸ್ಟೇಷನ್ 2) ಗೇಮಿಗೆ ಪಿಸಿಎಸ್‌ಎಕ್ಸ್2 ಎಂಬ ಎಮ್ಯುಲೇಟರ್. ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇಲ್ಲದಿದ್ದರೆ ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಯುಎಸ್‌ಬಿಯದ್ದು ಕೊಂಡು, ನಿಮ್ಮದೇ ಡಿಸ್ಕಿನಿಂದ ಐಎಸ್‌ಒ (ಡಿಸ್ಕಿನ ಪೂರ್ತಿ ನಕಲಿರುವ ಫೈಲ್) ಮಾಡಿಕೊಳ್ಳಿ. ಬಯೋಸ್, ಅಂದರೆ ಕನ್ಸೋಲನ್ನು ಚಾಲೂ ಮಾಡುವ ಒಳಗಿನ ಸಾಫ್ಟ್‌ವೇರ್, ಕೂಡ ನಿಮ್ಮ ಪಿಎಸ್2ನಿಂದಲೇ. ನಮ್ಮಲ್ಲಿ ಮಾರಿದ ಡಿಸ್ಕ್ ಪಾಲ್ ಎಂಬ ಟಿವಿ ಪದ್ಧತಿಯದು, ಅಂದರೆ 50 ಹರ್ಟ್ಸ್. 60 ಹರ್ಟ್ಸ್ ಬೇಕೇ ಎಂದು ಗೇಮ್ ಕೇಳಿದರೆ ಕಣ್ಣು ಮುಚ್ಚಿ ಒಪ್ಪಿ.

ರೆಸಲ್ಯೂಷನ್ 3ಎಕ್ಸ್, ಅಂದರೆ ಪಿಎಸ್2ನ ಮೂರು ಪಟ್ಟು, ಎಂದರೆ ಸುಮಾರು 1080ಪಿ. ಆಟ ತಡವರಿಸಿದರೆ ಪರದೆಯ ಮೇಲೆ ಸಿಪಿಯು, ಜಿಪಿಯು ಬಳಕೆ ತೋರಿಸುವ ಆಯ್ಕೆ ಹಾಕಿ. ಜಿಪಿಯು 100ರ ಹತ್ತಿರ ಇದ್ದರೆ 2ಎಕ್ಸ್‌ಗೆ ಇಳಿಸಿ. ಇಇ (ಪಿಎಸ್2ನ ಮುಖ್ಯ ಪ್ರೊಸೆಸರನ್ನು ಅನುಕರಿಸುವ ಕೆಲಸ) ಅಷ್ಟಿದ್ದರೆ ಸುಸ್ತಾಗಿರುವುದು ನಿಮ್ಮ ಪಿಸಿಯ ಪ್ರೊಸೆಸರ್. ರೆಸಲ್ಯೂಷನ್ ಇಳಿಸಿ ಪ್ರಯೋಜನವಿಲ್ಲ. ಡೊಂಬಿವಲಿಯ ಮೇ ಸೆಕೆಯಲ್ಲಿ ಲ್ಯಾಪ್‌ಟಾಪನ್ನು ಹಾಸಿಗೆ ಮೇಲಂತೂ ಇಡಬೇಡಿ, ಗಾಳಿ ಕಿಂಡಿ ಮುಚ್ಚಿ ವೇಗ ಕುಸಿಯುತ್ತದೆ.