ಎರಡು ಭೇಟಿಗಳ ನಡುವೆ ತಪ್ಪಿಹೋಗುವ ಅವಲಂಬನೆ

ಹಿರಿಯರನ್ನು ಕೆಲವು ವರ್ಷಗಳಿಗೊಮ್ಮೆ ಭೇಟಿಮಾಡಿ ಸಂದರ್ಶಿಸುವ ಅಧ್ಯಯನಗಳಿಂದ ಮುಪ್ಪಿನ ಅವಲಂಬನೆಗೆ ಸಂಖ್ಯಾಶಾಸ್ತ್ರದ ಮಾದರಿ ಕಟ್ಟುವಾಗ ನಾನು ಮೂರೇ ಸ್ಥಿತಿಗಳಿಂದ ಶುರುಮಾಡುತ್ತೇನೆ: 1 ಸ್ವಾವಲಂಬಿ, 2 ಅವಲಂಬಿತ, 3 ಸಾವು. ಯಾರು ಅವಲಂಬಿತರೆಂದು ನಿರ್ಧರಿಸಲು, ದಿನನಿತ್ಯದ ಸ್ವಾವಲಂಬನೆಯನ್ನು ಅಳೆಯುವ ಕಾಟ್ಜ್ ಸೂಚಿಯ ಆರು ಚಟುವಟಿಕೆಗಳು ಸಾಕು: ಸ್ನಾನ, ಬಟ್ಟೆ ತೊಡುವುದು, ಶೌಚಾಲಯ ಬಳಕೆ, ಹಾಸಿಗೆ ಬಿಟ್ಟು ಏಳುವುದು, ಮಲಮೂತ್ರದ ಹಿಡಿತ, ಊಟ. ಒಂದರಲ್ಲಿ ನೆರವು ಬೇಕಾದರೂ 2 ಎಂದು ಬರೆದರೆ, ಮುಂದಿನ ಭೇಟಿಯಲ್ಲಿ ಎಷ್ಟೋ ಜನ 1ಕ್ಕೆ ಮರಳಿರುತ್ತಾರೆ. ಸೊಂಟದ ಮೂಳೆ ಕೂಡಿ ಮತ್ತೆ ನಡೆದಾಡಿದವರು ಅದರಲ್ಲಿದ್ದಾರೆ ನಿಜ. ಆದರೆ ಹಿರಿಯರ ಬದಲು ಈ ಸಲ ಮನೆಯವರು ಉತ್ತರ ಕೊಟ್ಟಿದ್ದರೂ ಅಂಕ ಬದಲಾಗುತ್ತದೆ. ಹಾಗಾಗಿ ಮಿತಿಯನ್ನು ಎರಡು ಚಟುವಟಿಕೆಗೆ ಏರಿಸಿ ಇನ್ನೊಮ್ಮೆ ಲೆಕ್ಕ ಹಾಕುತ್ತೇನೆ. 2ರಿಂದ 1ಕ್ಕೆ ಮರಳುವ ದರ ಒಮ್ಮೆಲೇ ಕುಸಿದರೆ ಆ ಚೇತರಿಕೆಯನ್ನು ನಂಬುವುದಿಲ್ಲ.

ದೊಡ್ಡ ತೊಡಕು ಬೇರೆ ಇದೆ. ಸಾವಿನ ದಿನಾಂಕ ನಿಖರವಾಗಿ ಸಿಗುತ್ತದೆ, ಅವಲಂಬನೆ ಶುರುವಾದ ದಿನ ಸಿಗುವುದಿಲ್ಲ. ಭೇಟಿಗಳ ನಡುವೆ ಎರಡು ವರ್ಷ ಅಂತರವಿದೆ, ವಾರ್ಷಿಕ ದರಗಳು 1→2 ಕ್ಕೆ 0.05, 1→3 ಕ್ಕೆ 0.02, 2→3 ಕ್ಕೆ 0.15, ಚೇತರಿಕೆ ಇಲ್ಲ ಎಂದುಕೊಳ್ಳಿ. ಸಾವಿರ ಸ್ವಾವಲಂಬಿಗಳಲ್ಲಿ ಸುಮಾರು 93 ಮಂದಿ ಅವಲಂಬಿತರಾಗುತ್ತಾರೆ. ಮುಂದಿನ ಭೇಟಿಗೆ ಕಾಣಸಿಗುವವರು 80. ಉಳಿದ 13 ಮಂದಿ ಅಷ್ಟರಲ್ಲೇ ತೀರಿಕೊಂಡಿರುತ್ತಾರೆ, ಕಡತದಲ್ಲಿ ಸ್ವಾವಲಂಬಿಯಾಗಿಯೇ ಸತ್ತವರಂತೆ ಕಾಣುತ್ತಾರೆ. ಇಂಥವರ ಲೆಕ್ಕವನ್ನು ಕೊನೆಯ ಭೇಟಿಗೇ ನಿಲ್ಲಿಸಿ, ಯಾವ ಅಂಶವಿದ್ದರೆ ಘಟನೆಯ ದರ ಎಷ್ಟು ಬದಲಾಗುತ್ತದೆಂದು ಅಂದಾಜಿಸುವ ಕಾಕ್ಸ್ ಮಾದರಿ ಹಾಕುವುದು ರೂಢಿ. ಹಾಗೆ ಮಾಡಿದರೆ ಸಾವನ್ನು ಹೆಚ್ಚಿಸುವ ಅಂಶಗಳ ಪರಿಣಾಮವೇ ತಿರುಚಿಹೋಗಬಹುದು. ಧೂಮಪಾನಿಗಳು ಬೇಗ ಸಾಯುವುದರಿಂದ ಅವರ ಅವಲಂಬನೆಯೇ ಹೆಚ್ಚು ಕಣ್ತಪ್ಪುತ್ತದೆ.

ಆದ್ದರಿಂದ ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಇಂಥ ಬಹುಸ್ಥಿತಿ ಮಾದರಿಗಳಿಗೆಂದೇ ಇರುವ ಎಂಎಸ್‌ಎಂ ಪ್ಯಾಕೇಜ್ ಬಳಸುತ್ತೇನೆ. ಒಂದು ಭೇಟಿಗೆ ಒಂದು ಸಾಲು, ಸಾವಿಗೆ ಪ್ರತ್ಯೇಕ ಸಾಲು. ಸಾವಿನ ದಿನ ನಿಖರವೆಂದು ತಿಳಿಸಲು ಡೆತ್‌ಎಕ್ಸಾಕ್ಟ್ ಎಂಬ ಆಯ್ಕೆಯಲ್ಲಿ 3 ಕೊಡಬೇಕು. ಬದುಕಿದ್ದಾರೆಂದು ಗೊತ್ತು, ಸ್ಥಿತಿ ಗೊತ್ತಿಲ್ಲ ಎಂದಾದರೆ ಆ ಸಾಲನ್ನು ಅಳಿಸದೆ 99 ಎಂದು ಬರೆದು, ಅದು 1 ಅಥವಾ 2 ಇರಬಹುದೆಂದು ಸೆನ್ಸರ್ ಆಯ್ಕೆಯಲ್ಲಿ ತಿಳಿಸುತ್ತೇನೆ. ಭೇಟಿಯೂ ಸಾವೂ ಒಂದೇ ದಿನಾಂಕಕ್ಕೆ ಬಿದ್ದರೆ ತಂತ್ರಾಂಶ ತಕರಾರು ತೆಗೆಯುತ್ತದೆ. ಸಾವನ್ನು ಒಂದು ದಿನ ಮುಂದೂಡಿದರಾಯಿತು.

ಸಂಭಾವ್ಯತೆಯ (ಮಾದರಿಗೆ ದತ್ತಾಂಶ ಎಷ್ಟು ಹೊಂದುತ್ತದೆಂಬುದರ) ಲೆಕ್ಕ ಕಂಪ್ಯೂಟರಿನ ಮಿತಿ ಮೀರಿ ಉಕ್ಕಿ ನಿಲ್ಲುವುದು ಹೆಚ್ಚಾಗಿ ಅಳತೆಯ ಏಕಮಾನದಿಂದ, ಇಲ್ಲವೇ ದರಗಳಿಗೆ ಕೊಟ್ಟ ಕೆಟ್ಟ ಆರಂಭಿಕ ಬೆಲೆಗಳಿಂದ. ಕಾಲವನ್ನು ದಿನಗಳಲ್ಲಲ್ಲ, ವರ್ಷಗಳಲ್ಲಿ ಇಡಿ. ವಯಸ್ಸಿನಿಂದ 75 ಕಳೆದು 10ರಿಂದ ಭಾಗಿಸಿ. ಮೊದಲು ಯಾವ ಅಂಶವೂ ಇಲ್ಲದ ಮಾದರಿ, ಆಮೇಲೆ ವಯಸ್ಸು, ಲಿಂಗ, ಕಾಯಿಲೆಗಳು ಕೊನೆಗೆ. 2→1 ಅಪರೂಪವಾದರೆ ಅದಕ್ಕೆ ಕಾಯಿಲೆಗಳನ್ನು ಜೋಡಿಸುವ ಆಸೆ ಬಿಡಿ, ವಿಶ್ವಾಸಾಂತರ (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ) ಅರ್ಥವಿಲ್ಲದಷ್ಟು ಅಗಲವಾಗುತ್ತದೆ.

ಪರೀಕ್ಷೆಗೆ ಪ್ರತಿ ಭೇಟಿಯ ಹೊತ್ತಿಗೆ ಮಾದರಿ ಹೇಳುವ ಸಂಖ್ಯೆಯನ್ನು ಕಂಡ ಸಂಖ್ಯೆಯ ಪಕ್ಕ ಇಡುತ್ತೇನೆ. ಸಾವು ಹೊಂದಿಕೊಂಡು, ಕೊನೆಯ ಭೇಟಿಗಳಲ್ಲಿ ಅವಲಂಬಿತರು ಮಾತ್ರ ನಿರೀಕ್ಷೆಗಿಂತ ಕಡಿಮೆ ಕಂಡರೆ, ನನ್ನ ಮೊದಲ ಅನುಮಾನ ಅಧ್ಯಯನ ಬಿಟ್ಟುಹೋದವರ ಮೇಲೆ: ಹಾಸಿಗೆ ಹಿಡಿದವರೇ ಸಂದರ್ಶನಕ್ಕೆ ಸಿಗುವುದು ಕಡಿಮೆ.