ಎಡಚನೊಬ್ಬನ ಲೀವರ್ ರೈಫಲ್

ನಿಖರತೆಯೊಂದೇ ಬೇಕಿದ್ದರೆ, ಟ್ರಿಗರಿನ ಸುತ್ತಲಿನ ಹಿಡಿಕೆಯನ್ನು ಎಳೆದು ತೋಟೆ ಬದಲಿಸುವ ಲೀವರ್ ಆ್ಯಕ್ಷನ್‌ನ ಗೊಡವೆಗೆ ಹೋಗಬೇಕಾಗಿಲ್ಲ. ಪಕ್ಕದ ಹಿಡಿಕೆ ಎಳೆದು ತೋಟೆ ಬದಲಿಸುವ ಸಾಧಾರಣ ದರ್ಜೆಯ ಬೋಲ್ಟ್ ರೈಫಲ್ ಕೂಡ 50 ಮೀಟರಿನಲ್ಲಿ ಇದಕ್ಕಿಂತ ಬಿಗಿಯಾದ ಗ್ರೂಪ್ (ಗುಂಡು ಬಿದ್ದ ತೂತುಗಳ ಗೊಂಚಲು) ಹಾಕಬಲ್ಲದು, ಅದನ್ನು ಶುಚಿ ಮಾಡುವುದೂ ಸುಲಭ. ಲೀವರ್ ರೈಫಲ್ ಕೊಳ್ಳಲು ಹೊರಡುವವರಲ್ಲಿ ಅನೇಕರು ಅದರ ಚೆಲುವಿಗೆ ಮರುಳಾದವರು. ಆಮೇಲೆ ಮೇಜಿನ ಮೇಲೆ ಮರಳುಚೀಲವಿಟ್ಟು ಹೊಡೆದು ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ.

ನನ್ನ ಅಗತ್ಯವೇ ಬೇರೆಯಾಗಿತ್ತು. ನಾನು ಎಡಚ. ಬೋಲ್ಟ್ ರೈಫಲ್ಲಿನ ಹಿಡಿಕೆ ಸಾಮಾನ್ಯವಾಗಿ ಬಲಗಡೆಗಿರುತ್ತದೆ. ಪ್ರತಿ ಗುಂಡಿಗೂ ಭುಜದಿಂದ ರೈಫಲ್ ಇಳಿಸಬೇಕು, ಇಲ್ಲವೇ ಕೈಯನ್ನು ಅದರ ಮೇಲಿಂದ ಸುತ್ತಿ ಹಾಕಬೇಕು. ತಾನೇ ತೋಟೆ ಬದಲಿಸಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ಆದರೆ ಖಾಲಿ ತೋಟೆ ಮೂಗಿನ ಮುಂದೆಯೇ ಹಾರುತ್ತದೆ, ಜೊತೆಗೆ ಸುಟ್ಟ ಮದ್ದಿನ ಕಣಗಳು ಕನ್ನಡಕದ ಮೇಲೆ. ಲೀವರ್ ಇರುವುದು ನಡುವೆ, ಕೆಳಗೆ. ಟ್ರಿಗರ್ ಎಳೆದಾಗ ಬಡಿಯುವ ಹ್ಯಾಮರ್ ಇರುವುದೂ ನಡುವೆ, ಮೇಲೆ. ಯಾವ ಕೈಯವನಿಗೂ ಅದು ಪಕ್ಷಪಾತ ಮಾಡುವುದಿಲ್ಲ. ಖಾಲಿ ತೋಟೆ ಬಲಕ್ಕೇ ಬಿದ್ದರೂ ಬೀಳುವುದು ನಾನು ಲೀವರ್ ಎಳೆದಾಗ ಮಾತ್ರ. ನಿಂತುಕೊಂಡು, ಬರಿಗಣ್ಣಿನ ಸೈಟಿನಲ್ಲಿ, ಉಕ್ಕಿನ ತಟ್ಟೆಗಳಿಗೆ ಹೊಡೆಯುವುದು ನನ್ನ ಆಟ. ಅಲ್ಲಿ ಗ್ರೂಪ್ ಅರ್ಧ ಇಂಚು ಹೆಚ್ಚಾದರೆ ತಟ್ಟೆಗೆ ಗೊತ್ತಾಗುವುದಿಲ್ಲ.

ತೋಟೆಯ ಆಯ್ಕೆಗೆ ನಾನು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಬುಡದ ಅಂಚಿಗೆ ಬಡಿದಾಗ ಸಿಡಿಯುವ ರಿಮ್‌ಫೈರ್ ತೋಟೆಯ ಲೀವರ್ ರೈಫಲ್ಲುಗಳು ಮುಖ್ಯವಾಗಿ .22 ಲಾಂಗ್ ರೈಫಲ್, .22 ಮ್ಯಾಗ್ನಂ, .17 ಎಚ್‌ಎಂಆರ್ ಎಂಬ ತೋಟೆಗಳಿಗೆಂದು ಸಿಗುತ್ತವೆ. 1959ರಲ್ಲಿ ಬಂದ ಮ್ಯಾಗ್ನಂ ಮತ್ತು 2002ರಲ್ಲಿ ಬಂದ .17 ಎರಡೂ ಒಳ್ಳೆಯ ತೋಟೆಗಳೇ, ದೂರದ ಗುರಿಗೆ ಹೇಳಿಮಾಡಿಸಿದಂಥವು. ಆದರೆ ತಟ್ಟೆ ಹೊಡೆಯುವವನಿಗೆ ಅವು ಸದ್ದು ಮತ್ತು ಖರ್ಚು, ಅಷ್ಟೆ. ಮ್ಯಾಗ್ನಂ ಕೊಂಡರೆ ಅದರಲ್ಲಿ ಲಾಂಗ್ ರೈಫಲ್ ತೋಟೆಯನ್ನೂ ಹಾಕಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮ್ಯಾಗ್ನಂನ ಚೇಂಬರ್, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಜಾಗ, ಅಗಲವಾದದ್ದು. ಚಿಕ್ಕ ತೋಟೆ ಅದರಲ್ಲಿ ಸಡಿಲವಾಗಿ ಕುಳಿತು ಸಿಡಿಯುವಾಗ ಸೀಳುತ್ತದೆ. ಅದೇ .22 ಲಾಂಗ್ ರೈಫಲ್ಲಿಗೆಂದು ಮಾಡಿದ ಲೀವರ್ ರೈಫಲ್ಲುಗಳಲ್ಲಿ ಹೆಚ್ಚಿನವು ಶಾರ್ಟ್, ಲಾಂಗ್, ಲಾಂಗ್ ರೈಫಲ್ ಮೂರನ್ನೂ ನುಂಗುತ್ತವೆ. ನಳಿಗೆಯ ಕೆಳಗೆ ತೋಟೆಗಳು ಒಂದರ ಹಿಂದೊಂದು ಕೂರುವ ಕೊಳವೆ ಮ್ಯಾಗಜಿನ್‌ನ ದೊಡ್ಡ ಲಾಭವೇ ಇದು. ತೋಟೆಯ ಬುಡದ ನಡುವೆ ಸಿಡಿಮದ್ದಿನ ಪ್ರೈಮರ್ ಇರುವ ಸೆಂಟರ್‌ಫೈರ್ ರೈಫಲ್ಲುಗಳ ಕೊಳವೆಯಲ್ಲಿ ಚೂಪು ಮೂತಿಯ ಗುಂಡು ಮುಂದಿನ ತೋಟೆಯ ಪ್ರೈಮರಿಗೆ ಒತ್ತುವ ಅಪಾಯವಿದೆ. ರಿಮ್‌ಫೈರ್‌ನಲ್ಲಿ ಸಿಡಿಮದ್ದು ಇರುವುದು ಅಂಚಿನೊಳಗೆ, ನಡುವಿನಲ್ಲಿ ಅಲ್ಲ. ಆ ಚಿಂತೆ ಇಲ್ಲಿಲ್ಲ.

ಇನ್ನು ಯಾವ ರೈಫಲ್ ಎಂಬ ಮಾತು. ನಾನು ಕೈಯಲ್ಲಿ ಹಿಡಿದು ನೋಡಿದ್ದು ನಾಲ್ಕು ಜಾತಿಯವನ್ನು: ಹೆನ್ರಿ ಎಚ್001, ಬ್ರೌನಿಂಗ್ ಬಿಎಲ್-22, ವಿಂಚೆಸ್ಟರ್ 9422, ಮಾರ್ಲಿನ್ 39ಎ. ಮೊದಲ ಎರಡು ಹೊಸದಾಗಿ ಸಿಗುತ್ತಿದ್ದವು. 9422ರ ತಯಾರಿಕೆ 2005ರಲ್ಲೇ ನಿಂತಿತು. 39ಎ ಕೂಡ ಎರಡನೆಯ ಕೈಯಲ್ಲಿ ಹುಡುಕಬೇಕಾದದ್ದೇ.

ಅಂಗಡಿಯಲ್ಲಿ ಎಲ್ಲರೂ ಮೊದಲು ರೈಫಲ್ಲನ್ನು ಭುಜಕ್ಕೇರಿಸುತ್ತಾರೆ. ನಾನು ಮೊದಲು ಅದು ಖಾಲಿಯಿದೆಯೆಂದು ನೋಡಿಕೊಂಡು, ಅನುಮತಿ ಕೇಳಿ, ಡಮ್ಮಿ ತೋಟೆಗಳನ್ನು ಹಾಕಿ ಲೀವರನ್ನು ತೀರಾ ನಿಧಾನವಾಗಿ ಎಳೆಯುತ್ತೇನೆ. ವೇಗವಾಗಿ ಎಳೆದರೆ ಎಲ್ಲ ರೈಫಲ್ಲುಗಳೂ ನುಣುಪಾಗಿಯೇ ಇರುತ್ತವೆ. ನಿಧಾನಕ್ಕೆ ಎಳೆದಾಗ ಎಲ್ಲಿ ಮರಳು ಸಿಕ್ಕಂತೆ ಕರಕರ ಎನ್ನುತ್ತದೆ, ಹ್ಯಾಮರನ್ನು ಹಿಂದಕ್ಕೆ ತಳ್ಳುವಾಗ ಎಷ್ಟು ಬಿಗಿಯಾಗುತ್ತದೆ, ತೋಟೆಯನ್ನು ಮೇಲೆತ್ತುವ ಕ್ಯಾರಿಯರ್ ಯಾವ ಹಂತದಲ್ಲಿ ಏಳುತ್ತದೆ, ಎಲ್ಲವೂ ಬೆರಳಿಗೆ ತಿಳಿಯುತ್ತದೆ. ಕೊನೆಯ ಒಂದಂಗುಲ ಅತಿ ಮುಖ್ಯ. ಲೀವರನ್ನು ಪೂರ್ತಿ ಮುಂದಕ್ಕೆ ದೂಡದೆ ಅರ್ಧಕ್ಕೇ ಹಿಂದಕ್ಕೆ ತಂದರೆ ಖಾಲಿ ತೋಟೆ ಹೊರಬೀಳುವುದಿಲ್ಲ, ಇಲ್ಲವೇ ಹೊಸದು ಮೇಲೇಳುವುದಿಲ್ಲ. ರೈಫಲ್ ಕಟ್ಟಿಕೊಂಡಿತು ಎಂದು ದೂರುವವರ ಕೈ ನೋಡಿದರೆ ಬಹಳ ಸಲ ಕಾರಣ ಅಲ್ಲೇ ಇರುತ್ತದೆ. ಆ ಕೊನೆಯ ಅಂಗುಲದಲ್ಲಿ ಲೀವರ್ ಸ್ಪಷ್ಟವಾಗಿ ತಡೆಗೆ ತಾಗಬೇಕು. ಎಲ್ಲಿ ಮುಗಿಯಿತೆಂದು ಊಹಿಸುವಂತಿರಬಾರದು.

ಬ್ರೌನಿಂಗ್ ಬಿಎಲ್-22ರ ಲೀವರ್ ತಿರುಗುವುದು 33 ಡಿಗ್ರಿ ಮಾತ್ರ. ಮಣಿಕಟ್ಟು ಅಲುಗಿದರೆ ಸಾಕು, ತೋಟೆ ಬದಲಾಯಿತು. ಅದರ ಟ್ರಿಗರ್ ಲೀವರಿನ ಜೊತೆಗೇ ಕೆಳಗಿಳಿಯುತ್ತದೆ, ಆದ್ದರಿಂದ ಬೆರಳು ಸಿಕ್ಕಿಕೊಳ್ಳುವುದಿಲ್ಲ. ಜಪಾನಿನ ಮಿರೊಕು ಕಾರ್ಖಾನೆಯ ಕೆಲಸ. ಲೋಹಕ್ಕೆ ಮರ ಕೂಡುವ ಜಾಗದಲ್ಲಿ ಉಗುರು ಹೋಗುವಷ್ಟೂ ಸಂದಿಲ್ಲ. ತೂಕ ಸುಮಾರು ಎರಡೂಕಾಲು ಕೆಜಿ. ಇಷ್ಟೆಲ್ಲ ಇದ್ದೂ ನನಗೆ ಒಗ್ಗಲಿಲ್ಲ. ನನ್ನ ಅಂಗೈ ಅಗಲ, ಆ ಲೀವರಿನ ಕುಣಿಕೆ ಕಿರಿದು. ನಿಂತು ಗುರಿ ಹಿಡಿದಾಗ ಹಗುರವಾದ ನಳಿಗೆ ತೂಗಾಡುತ್ತಿತ್ತು. ಹದಿಹರೆಯದವರಿಗೆ, ತೆಳ್ಳಗಿನ ಕೈಯವರಿಗೆ ಕಣ್ಣುಮುಚ್ಚಿ ಹೇಳಬಹುದಾದ ರೈಫಲ್ ಅದು.

ಹೆನ್ರಿ ಎಚ್001 ಬಗ್ಗೆ ಜನ ಎರಡು ಪಂಗಡವಾಗಿದ್ದಾರೆ. ಜರ್ಮನಿಯ ಎರ್ಮಾ ಕಂಪನಿಯ ಇಜಿ-712ರ ವಂಶದ್ದು ಅದು. ಯಂತ್ರಭಾಗಗಳನ್ನು ಹೊತ್ತ ನಡುಮೈ, ಅಂದರೆ ರಿಸೀವರ್, ಉಕ್ಕಿನದಲ್ಲ, ಸತುವಿನ ಮಿಶ್ರಲೋಹದ ಎರಕ, ಮೇಲೆ ಬಣ್ಣದ ಹೊದಿಕೆ. ಉಕ್ಕಲ್ಲ ಎಂದ ಕೂಡಲೇ ಮೂಗು ಮುರಿಯುವವರಿಗೆ ನಾನು ಹೇಳುವುದಿಷ್ಟೆ: .22ರ ಒತ್ತಡ ತಡೆಯುವುದು ಮುಖ್ಯವಾಗಿ ನಳಿಗೆ ಮತ್ತು ಬೋಲ್ಟ್; ರಿಸೀವರಿಗೆ ಬೀಳುವ ಹೊರೆ ಕಡಿಮೆ. ಹೊಸದಾಗಿ ಕೈಗೆ ಬಂದ ಗಳಿಗೆಯಲ್ಲೇ ನಾಲ್ಕರಲ್ಲಿ ಅತ್ಯಂತ ನುಣುಪಾಗಿ ಎಳೆಯುವ ಲೀವರ್ ಹೆನ್ರಿಯದೇ. ಮೊದಲ ರೈಫಲ್ ಎಂದು ಕೇಳಿದವರಿಗೆ ಇಂದಿಗೂ ನಾನು ಅದನ್ನೇ ಸೂಚಿಸುತ್ತೇನೆ. ಅದರ ಹಿತ್ತಾಳೆ ಬಣ್ಣದ ಅಣ್ಣ ಗೋಲ್ಡನ್ ಬಾಯ್ ಗೋಡೆಗೆ ಚೆಂದ. ಅಷ್ಟಕೋನದ ನಳಿಗೆಯ ಭಾರ ನನ್ನ ಎಡತೋಳಿಗೆ ಬೇಡ.

9422 ಮತ್ತು 39ಎ ನಡುವೆ ಮಾತ್ರ ನಾನು ಬಹಳ ತೂಗಾಡಿದೆ. 9422 ತೋಟೆಯ ಅಂಚನ್ನು ಹಿಡಿದುಕೊಂಡೇ ಚೇಂಬರಿಗೆ ಒಯ್ಯುತ್ತದೆ; ರೈಫಲ್ಲನ್ನು ತಲೆಕೆಳಗು ಹಿಡಿದರೂ ತೋಟೆ ಉದುರುವುದಿಲ್ಲ. ರಿಸೀವರ್ ಬಡಿದು ಮಾಡಿದ ಉಕ್ಕು. ಮಾರ್ಲಿನ್‌ನ ಕುಲ ಇನ್ನೂ ಹಳೆಯದು: 1891ರ ಮಾದರಿಯಿಂದ ಇಳಿದು ಬಂದದ್ದು. ನಳಿಗೆ 24 ಇಂಚು, ಕೊಳವೆಯಲ್ಲಿ 19 ಲಾಂಗ್ ರೈಫಲ್ ಅಥವಾ 26 ಶಾರ್ಟ್. ತೂಕ ಮೂರು ಕೆಜಿಗೆ ತುಸು ಕಡಿಮೆ, ಅದೂ ಮುಂದಕ್ಕೆ. ನಿಂತು ಹೊಡೆಯುವಾಗ ಆ ಮುಂಭಾರ ಗುರಿಯನ್ನು ಕಟ್ಟಿಹಾಕಿದಂತೆ ನಿಲ್ಲಿಸುತ್ತದೆ.

ತೀರ್ಮಾನವಾದದ್ದು ಶುಚಿ ಮಾಡುವ ವಿಚಾರದಲ್ಲಿ. ಬೋಲ್ಟ್ ರೈಫಲ್ಲಿನ ನಳಿಗೆಯನ್ನು ಹಿಂದಿನಿಂದ ಒರೆಸಬಹುದು. ಬಹಳಷ್ಟು ಲೀವರ್ ರೈಫಲ್ಲುಗಳಲ್ಲಿ ಹಿಂದೆ ದಾರಿಯಿಲ್ಲ, ಒರೆಸುಗೋಲನ್ನು ಮೂತಿಯಿಂದಲೇ ತೂರಿಸಬೇಕು. ಗುಂಡು ನಳಿಗೆಯನ್ನು ಬಿಡುವ ಕೊನೆಯ ಅಂಚು ಅಲ್ಲಿದೆ. ಕಬ್ಬಿಣದ ಗೋಲು ಅಲ್ಲಿ ವರ್ಷಗಟ್ಟಲೆ ಉಜ್ಜಿದರೆ ನಿಖರತೆಗೆ ಎಳ್ಳುನೀರು. 39ಎ ಇಬ್ಭಾಗವಾಗುತ್ತದೆ. ರಿಸೀವರಿನ ಬಲಗಡೆ ದಪ್ಪ ತಲೆಯ ಒಂದು ತಿರುಪು ಇದೆ. ನಾಣ್ಯದಿಂದ ಸಡಿಲಿಸಿ, ಆಮೇಲೆ ಬೆರಳಲ್ಲೇ ತಿರುಗಿಸಿ, ಹಿಂಭಾಗದ ಮರಕ್ಕೆ ಅಂಗೈಯಿಂದ ಪಕ್ಕಕ್ಕೆ ಒಂದು ತಟ್ಟು ತಟ್ಟಿದರೆ ರೈಫಲ್ ಎರಡು ತುಂಡಾಗಿ ಕೈಗೆ ಬರುತ್ತದೆ. ಬೋಲ್ಟನ್ನು ಹಿಂದಕ್ಕೆ ಜಾರಿಸಿ ಎತ್ತಿಕೊಳ್ಳಬಹುದು. ನಳಿಗೆಯನ್ನು ಹಿಂದಿನಿಂದ ಬೆಳಕಿಗೆ ಹಿಡಿದರೆ ಮಾರ್ಲಿನ್ ಮೈಕ್ರೋಗ್ರೂವ್ ಎಂದು ಕರೆದ 16 ತೆಳು ಗೀರುಗಳು ಸುತ್ತಿಕೊಂಡು ಹೋಗುವುದು ಕಾಣುತ್ತದೆ. 9422 ಕೂಡ ಒಂದು ತಿರುಪಿನಿಂದ ಬಿಚ್ಚಿಕೊಳ್ಳುತ್ತದೆ, ಅದನ್ನು ಮರೆಯಬಾರದು. ಆದರೆ ನನ್ನ ಕೈಗೆ ಸಿಕ್ಕ 9422 ಒಂದರ ಮೂತಿಯ ಅಂಚು ಆಗಲೇ ಸವೆದಿತ್ತು, 39ಎಯದು ಹೊಚ್ಚ ಹೊಸದರಂತಿತ್ತು. ಹಾಗಾಗಿ ನನ್ನ ಆಯ್ಕೆ 39ಎ.

ಹಳೆಯ 39ಎ ಕೊಳ್ಳುವವರು ನೋಡಬೇಕಾದ ಜಾಗಗಳು ಕೆಲವಿವೆ. ಎರಡು ಭಾಗ ಕೂಡುವಲ್ಲಿ ಬೆಳಕು ತೂರುವ ಸಂದಿದೆಯೇ, ತಿರುಪು ಬಿಗಿದ ಮೇಲೂ ಹಿಂಭಾಗ ಅಲುಗುತ್ತದೆಯೇ ಎಂಬುದು ಮೊದಲನೆಯದು. ಸದಾ ಬಿಚ್ಚಿ ಕಟ್ಟುವವರ ಕೈಯಲ್ಲಿ ಆ ಕೂಡುಜಾಗ ಸಡಿಲವಾಗುತ್ತದೆ. ಚೇಂಬರಿನ ಬಾಯಂಚನ್ನು ಟಾರ್ಚ್ ಹಾಕಿ ನೋಡಿ. ರಿಮ್‌ಫೈರ್‌ನಲ್ಲಿ ಫೈರಿಂಗ್ ಪಿನ್ ತೋಟೆಯ ಅಂಚನ್ನು ಆ ಲೋಹಕ್ಕೆ ಒತ್ತಿ ಜಜ್ಜುತ್ತದೆ; ತೋಟೆಯಿಲ್ಲದೆ ಟ್ರಿಗರ್ ಎಳೆದವರಿದ್ದರೆ ಪಿನ್ ನೇರ ಅಲ್ಲಿಗೇ ಬಡಿದು ಹಳ್ಳ ಬಿದ್ದಿರುತ್ತದೆ. ಹಳ್ಳದ ಉಬ್ಬು ಒಳಕ್ಕೆ ಬಂದಿದ್ದರೆ ತೋಟೆ ಹೋಗುವುದೂ ಕಷ್ಟ, ಬರುವುದೂ ಕಷ್ಟ. ಮ್ಯಾಗಜಿನ್‌ನ ಒಳಕೊಳವೆ ನೆಗ್ಗಿಲ್ಲದೆ ಸರಾಗ ಜಾರಬೇಕು. 1988ರಿಂದ ಈಚಿನವುಗಳಲ್ಲಿ ಗುಂಡು ಹಾರದಂತೆ ತಡೆಯುವ, ಅಡ್ಡಕ್ಕೆ ಒತ್ತುವ ಗುಂಡಿಯ ಸೇಫ್ಟಿ ಇದೆ. ಅದು ಬಲಗೈಯವರ ತೋರುಬೆರಳಿಗೆ ಹೊಂದುವಂತೆ ಇಟ್ಟದ್ದು, ನನಗೆ ಬರೀ ಕಿರಿಕಿರಿ. ಹಾಗಾಗಿ ಅದಕ್ಕಿಂತ ಹಿಂದಿನ, ಹ್ಯಾಮರನ್ನು ಅರ್ಧದಾರಿಯಲ್ಲಿ ತಡೆದು ನಿಲ್ಲಿಸುವ ಕಚ್ಚನ್ನೇ ನೆಚ್ಚಿದ ರೈಫಲ್ ಹುಡುಕಿದೆ. ಅಂಥದ್ದನ್ನು ಕೊಂಡವರು ಸಿದ್ಧವಾದ ಹ್ಯಾಮರನ್ನು ಹೆಬ್ಬೆರಳಿನಿಂದ ಮೆಲ್ಲನೆ ಇಳಿಸುವುದನ್ನು ಖಾಲಿ ಚೇಂಬರಿನಲ್ಲಿ, ಮೂತಿಯನ್ನು ಮಣ್ಣಿನ ದಿಬ್ಬದ ಕಡೆಗಿಟ್ಟು ಅಭ್ಯಾಸ ಮಾಡಲೇಬೇಕು. ಒದ್ದೆ ಕೈಯಲ್ಲಿ, ದಪ್ಪ ಕೈಗವಸಿನಲ್ಲಿ ಅದು ಜಾರುತ್ತದೆ.

ಕೊಳವೆ ತುಂಬಿಸುವಾಗಲೂ ಇದೇ ಎಚ್ಚರ ಬೇಕು. ಒಳಕೊಳವೆಯನ್ನು ಮೂತಿಯ ಕಡೆಗೆ ಎಳೆದು, ತೋಟೆಯಾಕಾರದ ಕಿಂಡಿಯಿಂದ ಒಂದೊಂದಾಗಿ ಬುಡ ಕೆಳಗಾಗಿ ಬಿಡಬೇಕು. ಈ ಕೆಲಸದುದ್ದಕ್ಕೂ ಕೈ ಮೂತಿಯ ಬಳಿಯೇ ಸುಳಿದಾಡುತ್ತದೆ. ಆದ್ದರಿಂದ ಚೇಂಬರ್ ಖಾಲಿಯೆಂದು ಕಣ್ಣಾರೆ ನೋಡದೆ ಕೊಳವೆ ಮುಟ್ಟುವುದಿಲ್ಲ, ಮುಖವನ್ನಂತೂ ಅತ್ತ ಒಯ್ಯುವುದೇ ಇಲ್ಲ. ಖಾಲಿ ಮಾಡುವಾಗ ಕೊಳವೆ ಬಗ್ಗಿಸಿ ಸುರಿದ ಮೇಲೂ ಲೀವರನ್ನು ಕೆಲವು ಸಲ ಆಡಿಸಿ ನೋಡಬೇಕು. ಕ್ಯಾರಿಯರ್ ಮೇಲೆ ಒಂದು ತೋಟೆ ಕುಳಿತೇ ಇರುವುದುಂಟು.

ರಿಸೀವರಿನ ಮೇಲೆ ಟೆಲಿಸ್ಕೋಪ್ ಕೂರಿಸಲು ಅನುಕೂಲವಿದೆ. ಕೂರಿಸಿದರೆ ಹ್ಯಾಮರಿಗೆ ಪಕ್ಕಕ್ಕೆ ಚಾಚುವ ಗುಬಟು ಬೇಕಾಗುತ್ತದೆ. ಅದನ್ನು ಎಡಕ್ಕೂ ಹಾಕಬಹುದು. ನಾನು ಟೆಲಿಸ್ಕೋಪಿನ ಬದಲು ರಿಸೀವರಿನ ಮೇಲೆ ಸಣ್ಣ ರಂಧ್ರದ ಪೀಪ್ ಸೈಟ್ ಹಾಕಿಸಿದೆ. ನಳಿಗೆಯ ಮೇಲಿನ ಮೂಲ ಸೈಟಿಗಿಂತ ಎರಡು ಸೈಟುಗಳ ನಡುವಿನ ದೂರ ಹೆಚ್ಚುತ್ತದೆ, ಕಣ್ಣು ತಾನಾಗಿ ರಂಧ್ರದ ನಡುವಿಗೆ ಹೋಗುತ್ತದೆ. ನಲವತ್ತು ದಾಟಿದ ಕಣ್ಣಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಮೇಜಿನಿಂದ ಸೈಟ್ ಹೊಂದಿಸುವಾಗ ಮರಳುಚೀಲವನ್ನು ಮುಂಗೈ ಮರದ ಕೆಳಗೆ, ರಿಸೀವರಿಗೆ ಹತ್ತಿರದಲ್ಲಿಟ್ಟೆ. ಮುಂದಕ್ಕೆ ಸರಿಸಿ ಕೊಳವೆಯ ಮೇಲೆ ಭಾರ ಬಿಟ್ಟರೆ ನಳಿಗೆಗೆ ಒತ್ತಡ ಬಿದ್ದು ಗುಂಡು ಬೀಳುವ ಜಾಗ ಬದಲಾಗುತ್ತದೆ. ಲೀವರ್ ಇಳಿಯಲು ಕೆಳಗೆ ಎಡೆಯೂ ಬೇಕು. ಬೋರಲು ಮಲಗಿ ಹೊಡೆಯುವವರಿಗಂತೂ ಲೀವರ್ ಪ್ರತಿ ಸಲ ನೆಲಕ್ಕೆ ತಾಗುತ್ತದೆ. ಅವರು ರೈಫಲ್ಲನ್ನು ಓರೆ ಮಾಡಿ ಎಳೆಯುವುದನ್ನು ಕಲಿಯಬೇಕು, ಅಥವಾ ಬೇರೆ ರೈಫಲ್ ಕೊಳ್ಳಬೇಕು. ನಾನು 50 ಮೀಟರಿಗೆ ಹೊಂದಿಸಿದ್ದೇನೆ. 100 ಮೀಟರಿನಲ್ಲಿ ಗುಂಡು ಒಂದು ಗೇಣಿನಷ್ಟು ಕೆಳಗಿಳಿಯುತ್ತದೆ, ಗಾಳಿಯಿದ್ದರೆ ಪಕ್ಕಕ್ಕೂ ಹೋಗುತ್ತದೆ.

ಒಂದೇ ತೂಕದ ಗುಂಡಿನ, ಅಂದರೆ 40 ಗ್ರೇನಿನ (ಸುಮಾರು 2.6 ಗ್ರಾಂ) ಗುಂಡಿನ ತೋಟೆಗಳನ್ನೇ ಬೇರೆ ಬೇರೆ ತಯಾರಕರಿಂದ ತಂದು ಹೊಡೆದು ನೋಡಿದೆ. ಈ ನಳಿಗೆ ಮೆಚ್ಚಿದ್ದು ಶಬ್ದದ ವೇಗಕ್ಕಿಂತ ಕೆಳಗಿನ ಸಾಧಾರಣ ವೇಗದ, ಮೇಣ ಸವರಿದ ಗುಂಡನ್ನು. ಉದ್ದ ನಳಿಗೆಯಲ್ಲಿ ಅದರ ಸದ್ದೂ ಕಡಿಮೆ. ಕಿವಿಗೆ ರಕ್ಷಣೆ ಹಾಕಿಕೊಂಡೇ ಹೊಡೆಯುತ್ತೇನೆ, ಆದರೂ ತಟ್ಟೆಯ ಟಣ್ ಎಂಬ ನಾದ ಬಿಡಿಯಾಗಿ ಕೇಳುತ್ತದೆ. ಜೇಬಿನಲ್ಲಿ ಬಿಡಿ ತೋಟೆ ಹಾಕಿಕೊಂಡರೆ ಮೇಣಕ್ಕೆ ನೂಲು, ಧೂಳು ಅಂಟಿ ಕೊಳವೆಯೊಳಗೆ ಸೇರುತ್ತದೆ, ಹಾಗಾಗಿ ಡಬ್ಬಿಯಿಂದಲೇ ತುಂಬುತ್ತೇನೆ. ಶಾರ್ಟ್ ತೋಟೆಗಳನ್ನು ಹೆಚ್ಚು ಹೊಡೆದ ದಿನ ಚೇಂಬರಿನಲ್ಲಿ ಅದರ ಮೂತಿಯ ಮುಂದೆ ಮಸಿಯ ಬಳೆಯೊಂದು ಕಟ್ಟುತ್ತದೆ. ಆಮೇಲೆ ಲಾಂಗ್ ರೈಫಲ್ ಹಾಕಿದರೆ ಲೀವರ್ ಕೊನೆಗೆ ಬಿಗಿಯುತ್ತದೆ; ತಳ್ಳಿ ಮುಚ್ಚುವ ಬದಲು ಅಲ್ಲೇ ನಿಲ್ಲಿಸಿ, ರೈಫಲ್ಲನ್ನು ಖಾಲಿ ಮಾಡಿ, ತಿರುಪು ಬಿಚ್ಚಿ, ಹಿಂದಿನಿಂದ ಹಿತ್ತಾಳೆಯ ಕುಂಚ ಹಾಕಿ ತಿರುವಿದರೆ ಆ ಬಳೆ ಬಿಟ್ಟುಬರುತ್ತದೆ.