ಬೆಂಗಳೂರಿಂದ ಚೀನಾಕ್ಕೆ ಕೆಲಸಕ್ಕೆ ಹೊರಟಿದ್ದೀರಾ? ಮೊದಲು ಫೋನ್ ಸರಿ ಮಾಡ್ಕೊಳ್ಳಿ

ಶೆನ್‌ಝೆನ್‌ಗೋ ಶಾಂಘೈಗೋ ಕಂಪನಿಯಿಂದ ಕಳಿಸ್ತಿದ್ದಾರೆ ಅಂದ ತಕ್ಷಣ ನಮ್ಮವರು ಕೇಳುವ ಮೊದಲ ಪ್ರಶ್ನೆ "ಊಟಕ್ಕೇನಪ್ಪಾ ಮಾಡ್ತೀಯಾ?" ಅಂತ. ಊಟಕ್ಕೆ ದಾರಿ ಇದೆ, ಆಮೇಲೆ ಹೇಳುತ್ತೇನೆ. ನಿಜವಾದ ತಲೆನೋವು ಫೋನಿನದು.

ಅಲ್ಲಿ ಮಾತುಕತೆಗೆ ವೀಚಾಟ್, ದುಡ್ಡು ಕೊಡಲು ಅಲಿಪೇ ಅನ್ನುವ ಆ್ಯಪ್; ಇದರಲ್ಲಿ ವೀಚಾಟನ್ನು 2020ರಲ್ಲಿ ನಮ್ಮ ಸರ್ಕಾರ ನಿಷೇಧಿಸಿದೆ. ಅಲ್ಲಿ ಇವಿಲ್ಲದೆ ತರಕಾರಿ ತರುವುದೂ ರಗಳೆ. ಇತ್ತ ವಾಟ್ಸಾಪ್, ಗೂಗಲ್, ಯೂಟ್ಯೂಬ್, ಇನ್‌ಸ್ಟಾಗ್ರಾಮ್ ಅಲ್ಲಿ ಬಂದ್. ಹಾಗಾಗಿ ಬೆಂಗಳೂರಲ್ಲೇ ಎಲ್ಲ ಸೆಟ್ ಮಾಡಿಕೊಂಡು ಹೋಗ್ತೀನಿ ಅನ್ನುವ ಲೆಕ್ಕ ನಡೆಯುವುದಿಲ್ಲ. ಹಾಂಗ್‌ಕಾಂಗ್, ಸಿಂಗಪುರ, ಬ್ಯಾಂಕಾಕ್ ಎಲ್ಲಾದರೂ ವಿಮಾನ ಬದಲಿಸುವುದಿದ್ದರೆ ಅಲ್ಲಿ ಕೂತು ಇಳಿಸಿಕೊಳ್ಳಿ. ವೀಚಾಟ್ ಖಾತೆ ತೆರೆಯುವಾಗ ಎಷ್ಟೋ ಸಲ ಹಳೆಯ ಬಳಕೆದಾರರೊಬ್ಬರು ಸ್ಕ್ಯಾನ್ ಮಾಡಿ ಇವರು ಗೊತ್ತು ಅಂತ ಹೇಳಬೇಕಾಗುತ್ತದೆ. ಅಲ್ಲಿನ ಆಫೀಸಿನ ಯಾರಿಗಾದರೂ ಮೊದಲೇ ಹೇಳಿಟ್ಟಿರಿ.

ಊರಲ್ಲಿ ಇರುವಾಗಲೇ ಮಾಡಬಹುದಾದ್ದು ಮೂರು. ಬ್ಯಾಂಕಿನ ಆ್ಯಪ್‌ಗೆ ಹೋಗಿ ಕಾರ್ಡಿನ ವಿದೇಶಿ ಬಳಕೆ ಆನ್ ಮಾಡಿ, ನೀವೇ ಆನ್ ಮಾಡದಿದ್ದರೆ ಅದು ಆಫ್ ಆಗಿಯೇ ಇರುತ್ತದೆ. ಇಂಡಿಯನ್ ಸಿಮ್ ಬಿಸಾಕಬೇಡಿ, ಓಟಿಪಿ ಎಲ್ಲ ಅದಕ್ಕೇ ಬರುವುದು, ರೋಮಿಂಗ್ ಹಾಕಿಸಿ. ಇದರಲ್ಲಿ ಇನ್ನೊಂದು ಲಾಭ ಇದೆ: ರೋಮಿಂಗ್ ಡೇಟಾ ನಮ್ಮ ಕಡೆಯ ನೆಟ್‌ವರ್ಕ್ ಮೂಲಕವೇ ಹೋಗುವುದರಿಂದ ವಾಟ್ಸಾಪ್, ಜಿಮೇಲ್ ತೆರೆಯುತ್ತವೆ, ದುಡ್ಡು ಸ್ವಲ್ಪ ಜಾಸ್ತಿ ಅಷ್ಟೇ. ಮನೆಯಲ್ಲೂ ನಿಮ್ಮ ಹತ್ರಾನೂ ಐಫೋನ್ ಇದ್ದರೆ ಫೇಸ್‌ಟೈಮ್ ಆಗುತ್ತದೆ. ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ, ಅಮ್ಮ ರಾತ್ರಿ ಊಟ ಮುಗಿಸಿ ಫೋನ್ ಹಚ್ಚುವ ಹೊತ್ತಿಗೆ ನೀವು ನಿದ್ದೆಯಲ್ಲಿರುತ್ತೀರಿ ಅಂತ ಮೊದಲೇ ಹೇಳಿಬಿಡಿ.

ಮೂರನೆಯದು ಹೆಸರು. ಇದು ನಮ್ಮ ಕಡೆಯವರಿಗೇ ಸ್ಪೆಷಲ್ ಕಾಟ. ಪಾಸ್‌ಪೋರ್ಟಲ್ಲಿ ಕೆಲವರಿಗೆ ಸರ್‌ನೇಮ್ ಜಾಗ ಖಾಲಿ, ಕೆಲವರಿಗೆ ಬರೀ ಇನಿಶಿಯಲ್, ಕೆಲವರಿಗೆ ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿ ರೈಲಿನಷ್ಟು ಉದ್ದ. ಅಲ್ಲಿ ಸಿಮ್, ಬ್ಯಾಂಕ್ ಖಾತೆ, ಅಲಿಪೇ, ರೈಲು ಟಿಕೆಟ್ ಎಲ್ಲವೂ ಪಾಸ್‌ಪೋರ್ಟಿಗೆ ಅಂಟಿಕೊಂಡಿರುತ್ತವೆ. ಸಿಮ್ಮಿನವರು ಹೆಸರನ್ನು ಒಂದು ಕ್ರಮದಲ್ಲಿ, ಬ್ಯಾಂಕಿನವರು ಇನ್ನೊಂದು ಕ್ರಮದಲ್ಲಿ ಹಾಕಿದರೆ ಎರಡೂ ಒಂದಕ್ಕೊಂದು ಹೊಂದದೆ ಖಾತೆ ಜೋಡಣೆ ಅಲ್ಲಿಗೇ ನಿಂತುಹೋಗುತ್ತದೆ. ಆದ್ದರಿಂದ ಒಂದೇ ಬರಹ ನಿಗದಿ ಮಾಡಿಕೊಳ್ಳಿ: ಯಾವುದು ಮೊದಲು, ಎಲ್ಲಿ ಜಾಗ, ಎಲ್ಲ ದೊಡ್ಡಕ್ಷರವಾ ಅಂತ. ಚೀಟಿಯಲ್ಲಿ ಬರೆದು ಕೌಂಟರಿನಲ್ಲಿ ತೋರಿಸಿ, ಅವರು ಟೈಪ್ ಮಾಡಿದ್ದನ್ನು ಸ್ಕ್ರೀನಲ್ಲಿ ನೋಡದೆ ಸಹಿ ಹಾಕಬೇಡಿ.

ಇಳಿದ ಮೇಲೆ ಹೋಟೆಲಲ್ಲಿ ಉಳಿದರೆ ಪೊಲೀಸ್ ನೋಂದಣಿ ಅವರೇ ಮಾಡುತ್ತಾರೆ. ಬಾಡಿಗೆ ಮನೆಗೋ ಸ್ನೇಹಿತರ ಮನೆಗೋ ಹೋದರೆ 24 ಗಂಟೆಯೊಳಗೆ ನೀವೇ ಮಾಡಿಸಬೇಕು, ಮನೆ ಬದಲಿಸಿದಾಗಲೂ ಅಷ್ಟೇ. ಕೆಲಸದ ಝಡ್ ವೀಸಾದವರು 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ನೋಂದಣಿಗೆ ಕರಾರುಪತ್ರ, ಮನೆ ಓನರ್ ಗುರುತಿನ ಚೀಟಿಯ ಪ್ರತಿ ಕೇಳುತ್ತಾರೆ, ಮನೆ ಒಪ್ಪುವ ಮೊದಲೇ "ಇದು ಕೊಡ್ತೀರಾ?" ಅಂತ ಕೇಳಿಬಿಡಿ. ಅಡ್ವಾನ್ಸ್ ಸಾಮಾನ್ಯವಾಗಿ ಒಂದೇ ತಿಂಗಳದ್ದು, ಆದರೆ ಬಾಡಿಗೆ ಮೂರು ತಿಂಗಳದ್ದು ಒಟ್ಟಿಗೆ ಮುಂಗಡ. ಜಯನಗರದಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದೇನು ಮಹಾ!

ಅಲ್ಲಿನ ಬ್ಯಾಂಕ್ ಖಾತೆ ಆಗುವ ತನಕ ಅಲಿಪೇಗೆ ಇಲ್ಲಿನ ವೀಸಾ ಅಥವಾ ಮಾಸ್ಟರ್ ಕಾರ್ಡ್ ಜೋಡಿಸಿ. ವಿದೇಶಿ ಕಾರ್ಡಿನಲ್ಲಿ 200 ಯುವಾನ್‌ವರೆಗೆ ಶುಲ್ಕ ಇಲ್ಲ, ದಾಟಿದರೆ 3% ಹಿಡಿಯುತ್ತಾರೆ.

ಓಡಾಟಕ್ಕೆ ಗೂಗಲ್ ಮ್ಯಾಪ್ ನಂಬಬೇಡಿ, ತೆರೆದರೂ ಜಾಗ ಆಚೀಚೆ ತೋರಿಸುತ್ತದೆ. ಆ್ಯಮ್ಯಾಪ್ ಇಟ್ಟುಕೊಳ್ಳಿ. ಅಲಿಪೇ ಒಳಗೇ ಡಿಡಿ ಟ್ಯಾಕ್ಸಿ ಸಿಗುತ್ತದೆ, ಹತ್ತಿದ ಕೂಡಲೇ ಡ್ರೈವರ್ ನಿಮ್ಮ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳುತ್ತಾನೆ. ಚೈನೀಸ್ ಕಲಿಯುವುದಿದ್ದರೆ ಆ ನಾಲ್ಕು ಅಂಕಿಯಿಂದಲೇ ಶುರು ಮಾಡಿ, ಕೊರಿಯರ್‌ನವರೂ ಅದನ್ನೇ ಕೇಳೋದು. ನಮ್ಮ ಲೈಸೆನ್ಸ್ ಆಗಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಆಗಲಿ ಅಲ್ಲಿ ನಡೆಯುವುದಿಲ್ಲ. ವಾಹನ ಬಲಗಡೆ ಓಡುತ್ತವೆ, ಎಲೆಕ್ಟ್ರಿಕ್ ಸ್ಕೂಟರ್‌ಗಳು ಸದ್ದಿಲ್ಲದೆ ಫುಟ್‌ಪಾತ್ ಮೇಲೂ ಬರುತ್ತವೆ. ಫುಟ್‌ಪಾತ್ ಮೇಲೆ ಗಾಡಿ ಬರೋದು ನಮಗೇನೂ ಹೊಸದಲ್ಲ ಅಲ್ವಾ, ಆದರೆ ಇಲ್ಲಿ ಹಾರ್ನ್ ಆದ್ರೂ ಕೇಳಿಸುತ್ತೆ.

ಈಗ ಊಟ. ಮಾಂಸ ತಿನ್ನುವವರಿಗೆ ಹಬ್ಬ. ಸಸ್ಯಾಹಾರಿಗಳು "ವೋ ಚೀ ಸೂ" ಅಂದರೆ ಅರ್ಥವಾಗುತ್ತದೆ, ಆದರೂ ಅಷ್ಟಕ್ಕೇ ಬಿಡಬೇಡಿ. ಹುರುಳಿಕಾಯಿ ಪಲ್ಯದಂತೆ ಕಾಣುವುದರಲ್ಲಿ, ಬದನೆಕಾಯಿಯಲ್ಲಿ, ಮಾಪೊ ತೋಫುವಿನಲ್ಲಿ ಕೈಮಾ ಇರುತ್ತದೆ, ಸೊಪ್ಪಿಗೆ ಆಯ್ಸ್ಟರ್ ಸಾಸ್ ಹಾಕಿರುತ್ತಾರೆ, ಸೂಪು ಮೂಳೆ ಬೇಯಿಸಿದ ನೀರು. ಮಾಂಸ, ಮೀನು, ಹಂದಿ ಕೊಬ್ಬು, ಮಾಂಸದ ಸೂಪು, ಆಯ್ಸ್ಟರ್ ಸಾಸ್ ಬೇಡ ಅಂತ ಚೈನೀಸಲ್ಲಿ ಬರೆಸಿ ಫೋನಲ್ಲಿ ಇಟ್ಟುಕೊಳ್ಳಿ. ಬೌದ್ಧ ದೇವಸ್ಥಾನಗಳ ಸುತ್ತ ಸಸ್ಯಾಹಾರಿ ಹೋಟೆಲ್ ಇರುತ್ತವೆ, ಶಾಂಘೈನ ಜೇಡ್ ಬುದ್ಧ ದೇವಸ್ಥಾನದಲ್ಲೂ ಇದೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೂ ಅಲ್ಲಿ ಚಿಂತೆಯಿಲ್ಲ. ಮೊಟ್ಟೆ ಆಗುತ್ತೆ ಅನ್ನುವವರಿಗೆ ಟೊಮೆಟೊ ಮೊಟ್ಟೆ, ಅನ್ನ ಎಲ್ಲೆಡೆ ಸಿಗುತ್ತದೆ.

ಆದರೂ ಮನೆಯಲ್ಲಿ ಅಡುಗೆ ಮಾಡುವುದೇ ನನ್ನ ಸಲಹೆ. ಸಂತೆಗೆ ಹೋಗಿ ನೋಡಿ: ದಂಟಿನ ಸೊಪ್ಪು, ಹಾಗಲಕಾಯಿ, ಬೂದುಗುಂಬಳ, ತುಪ್ಪದ ಹೀರೇಕಾಯಿ, ಅಲಸಂದೆಕಾಯಿ, ಶುಂಠಿ, ಕೊತ್ತಂಬರಿ ಎಲ್ಲ ಇವೆ. ಬೆಲೆ ಬರೆದಿರುವುದು ಜಿನ್ ಲೆಕ್ಕದಲ್ಲಿ, ಅಂದರೆ ಅರ್ಧ ಕೆಜಿ, ಸುಮ್ನೆ ಅಗ್ಗ ಅಂದುಕೊಂಡು ಚೀಲ ತುಂಬಬೇಡಿ. ಸಿಗದಿರುವುದು ತೊಗರಿಬೇಳೆ, ಕರಿಬೇವು, ಹುಳಿ ಮೊಸರು. ಬೇಳೆಯನ್ನು ಟಾವೊಬಾವೊ ಅನ್ನುವ ಆನ್‌ಲೈನ್ ಅಂಗಡಿಯಿಂದ ತರಿಸಬಹುದು, ಸಾರಿನ ಪುಡಿ ಮನೆಯಿಂದಲೇ ಒಯ್ಯಿರಿ. ಹಣ್ಣು, ಹಸಿ ತರಕಾರಿ, ಬೆಣ್ಣೆ ಕಸ್ಟಮ್ಸ್‌ನಲ್ಲಿ ಬಿಡುವುದಿಲ್ಲ. ಮೊಸರು ಕೊಳ್ಳುವಾಗ ಸಕ್ಕರೆ ಇಲ್ಲದ್ದನ್ನೇ ಹುಡುಕಿ, ಇಲ್ಲದಿದ್ದರೆ ಮೊಸರನ್ನ ಪಾಯಸವಾಗುತ್ತದೆ. ಮಿಕ್ಸಿ ಒಯ್ಯಬಹುದು, ಕರೆಂಟ್ 220 ವೋಲ್ಟೇ, ಪಿನ್ ಬೇರೆ, ಒಂದು ಅಡಾಪ್ಟರ್ ಸಾಕು. ಕುಕ್ಕರ್ ಮಾತ್ರ ಇಂಡಕ್ಷನ್‌ಗೆ ಆಗುವಂಥದ್ದೇ ಇರಲಿ. ನಲ್ಲಿ ನೀರು ಕಾಯಿಸದೆ ಕುಡಿಯಬೇಡಿ.

ಚಳಿ ಬಗ್ಗೆ ಒಂದು ಮಾತು. ಬೀಜಿಂಗ್‌ನಲ್ಲಿ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಸರ್ಕಾರವೇ ಮನೆಗಳಿಗೆ ಬಿಸಿ ಕೊಡುತ್ತದೆ, ಮನೆಯೊಳಗೆ ಬೆಚ್ಚಗಿರುತ್ತದೆ. ಶಾಂಘೈನಲ್ಲಿ ಆ ವ್ಯವಸ್ಥೆ ಇಲ್ಲ. ಡಿಸೆಂಬರ್ ಬೆಂಗಳೂರಿಗೇ ಸ್ವೆಟರ್ ಹಾಕುವವರು ಅಲ್ಲಿ ಮನೆ ನೋಡುವಾಗ ಕಿಟಕಿ ಸಂದಿ ನೋಡಿ, ಎಸಿ ಬಿಸಿಗಾಳಿ ಬಿಡುತ್ತಾ ಅಂತ ಹಾಕಿಸಿ ಪರೀಕ್ಷಿಸಿ.

ರಜೆಯಲ್ಲಿ ಊರು ಸುತ್ತುವುದಾದರೆ ರೈಲು ಟಿಕೆಟಿನ 12306 ಆ್ಯಪಿನಲ್ಲಿ ಪಾಸ್‌ಪೋರ್ಟ್ ಮೊದಲೇ ದೃಢೀಕರಿಸಿಕೊಳ್ಳಿ. ಟಿಕೆಟ್ 15 ದಿನ ಮುಂಚೆ ಬಿಡುತ್ತಾರೆ, ವಸಂತ ಹಬ್ಬ (ಚೀನೀ ಹೊಸ ವರ್ಷ) ಮತ್ತು ಅಕ್ಟೋಬರ್ 1ರ ರಾಷ್ಟ್ರೀಯ ದಿನದ ವಾರದ ಟಿಕೆಟ್ ಬಿಟ್ಟ ತಕ್ಷಣ ಖಾಲಿ. ಆ ರಜೆಗೆ ಬದಲಾಗಿ ಹಿಂದೆ ಮುಂದೆ ಶನಿವಾರವೋ ಭಾನುವಾರವೋ ಕೆಲಸ ಮಾಡಿಸುತ್ತಾರೆ, ಊರಿಗೆ ವಿಮಾನ ಬುಕ್ ಮಾಡುವ ಮೊದಲು ಆಫೀಸಿನ ಕ್ಯಾಲೆಂಡರ್ ನೋಡಿ.